ಕಾರಣ ಹೇಳದೆ ಹಡಗಿನ ಫೋಟೋ ತೆಗೆದು ಹಾಕುವುದು ಸರಿಯಾ?

ಪಡುಗಡಲು
ಎಲ್ಲರಿಗೂ ನಮಸ್ಕಾರ. ನಾನು ಸುರತ್ಕಲ್ ಕಡೆಯವನು. 2009ರಿಂದ ನವ ಮಂಗಳೂರು ಬಂದರು ಇರುವ ಪಣಂಬೂರಿನಲ್ಲಿ ಹಡಗುಗಳ ಫೋಟೋ ತೆಗೆಯುತ್ತಿದ್ದೇನೆ. ನಮ್ಮ ಈ ಹಡಗು ಫೋಟೋ ಬಳಗ ಶುರುವಾದಾಗಿನಿಂದ ಇಲ್ಲಿ ಹಾಕುತ್ತಾ ಬಂದಿದ್ದೇನೆ.

ಹೋದ ವಾರ ಹಳೇ ಹಾರ್ಡ್ ಡಿಸ್ಕ್ ಹುಡುಕುವಾಗ 2011ರ ಮೇ ಕೊನೆಯ ಒಂದು ಫೋಟೋ ಸಿಕ್ಕಿತು. ಬಂದರಿನ ಬಾಯಿಯಲ್ಲಿ ಒಂದು ಹಳೇ ಬಲ್ಕ್ ಹಡಗು, ಅಂದರೆ ಅದಿರು, ಕಲ್ಲಿದ್ದಲಿನಂಥ ಸರಕನ್ನು ಮೂಟೆ ಕಟ್ಟದೆ ಸುರಿದು ಒಯ್ಯುವಂಥದ್ದು. ಸಂಜೆ ಆರು ಗಂಟೆ. ಆಗಷ್ಟೇ ಒಂದು ಮಳೆ ಬಿದ್ದು ನಿಂತಿತ್ತು. ಹಡಗಿನ ಮೈ ತುಂಬಾ ತುಕ್ಕು. ಖುಷಿಯಿಂದ ಇಲ್ಲಿ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಇಲ್ಲ. ಮಾಡರೇಟರ್‌ಗಳಿಂದ ಒಂದು ಸಾಲಿನ ಸಂದೇಶ ಬಂದಿತ್ತು: 'ಗುಣಮಟ್ಟ ಸಾಲದು.' ಅಷ್ಟೇ.

ಏನು ಸಾಲದು? ಬೆಳಕಾ? ಹೆಸರು ಕಾಣುವುದಿಲ್ಲ ಅಂತನಾ? ಕೇಳಿದೆ. ಉತ್ತರ ಬಂದಿಲ್ಲ. ಇನ್ನೊಮ್ಮೆ ಹಾಕಿದೆ. ಅದನ್ನೂ ತೆಗೆದರು. ಮೂರು ದಿನ ಏನೂ ಹಾಕದ ಹಾಗೆ ತಡೆದರು.

ನನಗೆ ಸಿಟ್ಟಿಗಿಂತ ಬೇಸರ ಜಾಸ್ತಿ. ಆ ಹಡಗು ಈಗ ಇರಲಿಕ್ಕಿಲ್ಲ. ಅದರ ಫೋಟೋ ಬೇರೆ ಎಲ್ಲಿ ಸಿಗುತ್ತದೆ? ನಿಮಗೂ ಹೀಗೆ ಆಗಿದೆಯಾ? ನಿಯಮ ಏನಿರಬೇಕು ಅನ್ನಿಸುತ್ತದೆ?

ಬೈಕಂಪಾಡಿ ಹುಡುಗ
ನನಗೂ ಆಗಿದೆ. ಎರಡು ಸಲ. ಕಾರಣ ಒಮ್ಮೆಯೂ ಸಿಗಲಿಲ್ಲ.

ಉಳ್ಳಾಲ ಅಲೆ
ನನ್ನ ಕತೆ ಕೇಳಿ. ಮಳೆಗಾಲದಲ್ಲಿ ಅಳಿವೆ ಬಾಗಿಲಲ್ಲಿ ಬಲೆ ಎಳೆದು ಮೀನು ಹಿಡಿಯುವ ಒಂದು ಟ್ರಾಲ್ ಬೋಟು ಮರಳಿಗೆ ಕೂತು ಒಂದು ಮಗ್ಗುಲಿಗೆ ವಾಲಿತ್ತು. ಫೋಟೋ ಹಾಕಿದೆ. 'ಕ್ಷಿತಿಜ ಓರೆಯಾಗಿದೆ' ಅಂತ ತಿರಸ್ಕರಿಸಿದರು. ಕ್ಷಿತಿಜ ಸರಿಯಾಗಿಯೇ ಇತ್ತು, ವಾಲಿದ್ದು ಬೋಟು. ಆಮೇಲೆ ಅವರೇ ನೇರ ಮಾಡಿ ಹಾಕಿದರು. ಬೋಟಿನ ಕಂಬ ನೆಟ್ಟಗೆ ನಿಂತಿತು, ಸಮುದ್ರ ಇಳಿಜಾರಾಯಿತು. ಆ ಫೋಟೋ ಈಗಲೂ ಹಾಗೇ ಇದೆ, ಕೆಳಗೆ ನನ್ನ ಹೆಸರು ಇದೆ. ನೋಡಿದಾಗಲೆಲ್ಲ ನೋವಾಗುತ್ತದೆ.

ಗಾಳಿಮಳೆ
ಅಯ್ಯೋ ದೇವರೇ. ಅದನ್ನು ತೆಗೆಯಲು ಹೇಳಿ ಮಾರಾಯ್ರೆ. ತಿರಸ್ಕರಿಸುವುದು ಒಂದು, ನಮ್ಮ ಫೋಟೋವನ್ನು ಕೇಳದೆ ತಿದ್ದುವುದು ಇನ್ನೊಂದು. ಎರಡನೆಯದು ಯಾವ ಲೆಕ್ಕದಲ್ಲೂ ತಪ್ಪು.

ಕಾಪು ದೀಪ
ಸ್ವಲ್ಪ ವಿರುದ್ಧ ಮಾತಾಡುತ್ತೇನೆ, ಬೇಸರ ಮಾಡಬೇಡಿ. ನಿಯಮ ಇಲ್ಲದಿದ್ದರೆ ಬಳಗ ಕಸದ ಬುಟ್ಟಿ ಆಗುತ್ತದೆ. ಫೋನಿನಲ್ಲಿ ತೆಗೆದ ಚುಕ್ಕಿಯಂಥ ಹಡಗು, ಅದಕ್ಕೆ ಹತ್ತು ಫೋಟೋ. ಒಂದೇ ಟ್ಯಾಂಕರ್, ಒಂದೇ ಜಾಗ, ಐದು ನಿಮಿಷಕ್ಕೊಂದು. ಅದರ ಮಧ್ಯೆ ಒಳ್ಳೆಯ ಫೋಟೋ ಹುಡುಕುವುದು ಹೇಗೆ? ಮಾಡರೇಟರ್‌ಗಳು ಕಟ್ಟುನಿಟ್ಟು ಮಾಡಿದ್ದರಿಂದಲೇ ಇಲ್ಲಿ ನೋಡುವಂಥದ್ದು ಉಳಿದಿದೆ.

ಬೈಕಂಪಾಡಿ ಹುಡುಗ
ಕಟ್ಟುನಿಟ್ಟು ಬೇಡ ಅಂತ ಯಾರು ಹೇಳಿದರು? ಕಾರಣ ಹೇಳಿ ಅನ್ನುತ್ತಿದ್ದೇವೆ.

ದಕ್ಕೆ ಮನೆ
ಬೆಳಕಿನ ನಿಯಮದ ಬಗ್ಗೆ ನನಗೆ ತುಂಬ ದಿನದಿಂದ ಹೇಳಲಿಕ್ಕಿದೆ. 'ಸೂರ್ಯ ಫೋಟೋಗ್ರಾಫರ್ ಬೆನ್ನ ಹಿಂದೆ ಇರಬೇಕು, ಹಡಗಿನ ಮೇಲೆ ನೇರ ಬೆಳಕು ಬೀಳಬೇಕು' ಅಂತ ಬರೆದಿದ್ದಾರೆ. ನಮ್ಮ ಕಡಲು ಪಡುವಣದ್ದು. ಬೆಳಿಗ್ಗೆ ಹತ್ತರ ತನಕ ಈ ನಿಯಮ ಸರಿ. ಆಮೇಲೆ ಬಿಸಿಲಿಗೆ ನೀರಿನ ಮೇಲೆ ಗಾಳಿ ಕುದಿಯುತ್ತದೆ. ಲಂಗರು ಹಾಕಿದ ಹಡಗು ಲೆನ್ಸಿನಲ್ಲಿ ನಡುಗುತ್ತದೆ, ಎಷ್ಟು ದುಡ್ಡಿನ ಲೆನ್ಸ್ ಇದ್ದರೂ ಅಷ್ಟೇ. ಸಂಜೆ ಸೂರ್ಯ ಹಡಗಿನ ಹಿಂದೆ ಇರುತ್ತಾನೆ. ಕೆಲಸಕ್ಕೆ ಹೋಗುವವರು ಸಮುದ್ರಕ್ಕೆ ಹೋಗುವುದೇ ಸಂಜೆ. ಹಾಗಾದರೆ ನಮ್ಮ ಊರಿನವರ ಅರ್ಧ ಫೋಟೋ ಈ ನಿಯಮದಲ್ಲೇ ಬಿದ್ದು ಹೋಗುತ್ತದೆ. ಇದು ಮೂಡಣ ಕರಾವಳಿಯವರು ಬರೆದ ನಿಯಮ.

ಲಂಗರು
ದಕ್ಕೆ ಮನೆಯವರ ಮಾತು ಮುಕ್ಕಾಲು ಸರಿ. ಸಂಜೆ ಎಲ್ಲ ಫೋಟೋ ಹಿಂಬೆಳಕೇ ಆಗಬೇಕಿಲ್ಲ. ಮೇ, ಜೂನ್‌ನಲ್ಲಿ ಸೂರ್ಯ ಪಶ್ಚಿಮದಿಂದ ಸಾಕಷ್ಟು ಬಡಗಿಗೆ ಸರಿದು ಮುಳುಗುತ್ತಾನೆ. ಆಗ ಪಣಂಬೂರು ಬೀಚಿನಿಂದ ತೆಂಕಕ್ಕೆ ಬಂದರಿನ ಬಾಯಿ ನೋಡಿದರೆ ಬೆಳಕು ಬಲಗಡೆಯಿಂದ ಬರುತ್ತದೆ. ಡಿಸೆಂಬರ್‌ನಲ್ಲಿ ತೆಂಕಕ್ಕೆ ಸರಿಯುತ್ತಾನೆ. ಆಗ ತಣ್ಣೀರುಬಾವಿ ಕಡೆ ನಿಂತು ಬಡಗಿಗೆ ನೋಡಬೇಕು. ನಾನು ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವನು, ರಿಟೈರ್ ಆದ ಮೇಲೆ ಕ್ಯಾಮೆರಾ ಹಿಡಿದೆ. ಬೆಳಕಿನ ಈ ಲೆಕ್ಕ ಕಲಿಯಲು ಎರಡು ವರ್ಷ ಹಿಡಿಯಿತು.

ಪಡುಗಡಲು ಅವರೇ, ನಿಮ್ಮದು ಮೇ ಸಂಜೆ ಅಂದಿರಿ. ಎಲ್ಲಿಂದ ತೆಗೆದದ್ದು?

ಪಡುಗಡಲು
ಪಣಂಬೂರು ಬೀಚಿನಿಂದ ಸರ್. ಬಡಗಣ ತಡೆಗೋಡೆಯ ಹತ್ತಿರ.

ಲಂಗರು
ಹಾಗಾದರೆ ಓರೆ ಬೆಳಕು ಬಿದ್ದಿರಬೇಕು. ಮೂಲ ಫೈಲ್ ಇದ್ದರೆ ಮುಂಭಾಗದಲ್ಲಿ ಹೆಸರು ಬರೆದ ಜಾಗ ದೊಡ್ಡದು ಮಾಡಿ ನೋಡಿ. ಹಡಗಿನ ಹೆಸರನ್ನು ಸುಮ್ನೆ ಬಣ್ಣದಲ್ಲಿ ಬರೆಯುವುದಿಲ್ಲ. ಸಾಮಾನ್ಯವಾಗಿ ಅಕ್ಷರದ ಅಂಚನ್ನು ವೆಲ್ಡಿಂಗ್ ಮಾಡಿ ಎಬ್ಬಿಸಿ, ಅದರೊಳಗೆ ಬಣ್ಣ ತುಂಬುತ್ತಾರೆ. ಹಡಗು ಮಾರಿದಾಗ ಹಳೇ ಹೆಸರಿನ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆಯುತ್ತಾರೆ. ಎಷ್ಟೋ ಸಲ ಹಳೇ ವೆಲ್ಡಿಂಗ್ ಕೆರೆಯಲು ಹೋಗುವುದಿಲ್ಲ. ನೇರ ಬೆಳಕಿನಲ್ಲಿ ಅದು ಕಾಣದು. ಓರೆ ಬೆಳಕು ಬಿದ್ದರೆ ಆ ಉಬ್ಬು ನೆರಳು ಕೊಡುತ್ತದೆ, ಹಳೇ ಹೆಸರು ಎದ್ದು ಬರುತ್ತದೆ.

ಪಡುಗಡಲು
ಈಗ ನೋಡಿದೆ. ಕೈ ನಡುಗುತ್ತಿದೆ. ಬಿಳಿ ಬಣ್ಣದ ಹೆಸರಿನ ಕೆಳಗೆ ಇನ್ನೊಂದು ಹೆಸರು ಇದೆ! ಏಳು ಅಕ್ಷರ. ಮೊದಲ ಎರಡು, ಕೊನೆಯ ಮೂರು ಓದಲು ಬರುತ್ತಿವೆ. ಇಷ್ಟು ವರ್ಷ ಇದು ನನಗೇ ಗೊತ್ತಿರಲಿಲ್ಲ.

ಗಾಳಿಮಳೆ
ನೋಡಿ, ಇದನ್ನೇ 'ಗುಣಮಟ್ಟ ಸಾಲದು' ಅಂದದ್ದು.

ಮಾಡರೇಟರ್ 2
ಮಾಡರೇಟರ್‌ಗಳಲ್ಲಿ ನಾನೂ ಒಬ್ಬ. ಆ ಫೋಟೋ ಅಳಿಸಿದ್ದು ನಾನೇ. ಬೇರೆಯವರ ಮೇಲೆ ಹಾಕುವುದಿಲ್ಲ.

ನಾವು ಮೂರು ಜನ. ಮೂವರಿಗೂ ಹಗಲು ಬೇರೆ ಕೆಲಸ. ರಾತ್ರಿ ಊಟ ಆದ ಮೇಲೆ ಕೂತು ದಿನದ ಫೋಟೋ ನೋಡುತ್ತೇವೆ. ಚಿಕ್ಕ ಪರದೆಯಲ್ಲಿ ಒಂದರ ಹಿಂದೆ ಒಂದು. ನಿಮ್ಮದು ಮಂಜು ಮುಸುಕಿದ ಹಾಗೆ ಕಂಡಿತು, ಹೆಸರು ಕಾಣಲಿಲ್ಲ, ಐಎಂಒ ಸಂಖ್ಯೆ ನೀವು ಬರೆದಿರಲಿಲ್ಲ. ತೆಗೆದೆ. ಕಾರಣ ಬರೆಯಬೇಕಿತ್ತು, ಬರೆಯಲಿಲ್ಲ. ಎರಡನೇ ಸಲ ಹಾಕಿದಾಗ ಹಠಕ್ಕೆ ಹಾಕಿದ್ದೀರಿ ಅಂದುಕೊಂಡೆ.

ನಿಯಮಗಳನ್ನು ಬೇರೆ ಊರಿನ ಬಳಗವೊಂದರಿಂದ ತಂದು ಕನ್ನಡಕ್ಕೆ ಹಾಕಿಕೊಂಡದ್ದು ನಿಜ. ಬೆಳಕಿನ ವಿಷಯ ಯಾರೂ ಯೋಚಿಸಿರಲಿಲ್ಲ.

ಆದರೆ ಐಎಂಒ ಸಂಖ್ಯೆಯ ನಿಯಮ ಮಾತ್ರ ಬಿಡಲಾರೆವು. ಒಂದೇ ಹೆಸರಿನ ಹಡಗು ಹತ್ತಾರು ಇರುತ್ತವೆ. ಸಂಖ್ಯೆ ಇಲ್ಲದ ಫೋಟೋ ನಾಳೆ ಯಾರಿಗೂ ಪ್ರಯೋಜನಕ್ಕೆ ಬಾರದು.

ಪಡುಗಡಲು
ಮುಂದೆ ಬಂದು ಹೇಳಿದ್ದಕ್ಕೆ ಧನ್ಯವಾದ. ಅರ್ಧ ಬೇಸರ ಹೋಯಿತು. ಆದರೆ ಮೂರು ದಿನದ ತಡೆ ಈಗಲೂ ಅನ್ಯಾಯ ಅನ್ನಿಸುತ್ತದೆ. ಪ್ರಶ್ನೆ ಕೇಳಿದವನಿಗೆ ಶಿಕ್ಷೆ ಕೊಟ್ಟ ಹಾಗಾಯಿತು.

ಹೆಜಮಾಡಿ ಕೋಡಿ
ಐಎಂಒ ಸಂಖ್ಯೆ ಅಂದರೆ ಏನು? ಹೊಸಬಳು, ಬಯ್ಯಬೇಡಿ.

ಲಂಗರು
ಬಯ್ಯುವುದು ಯಾಕಮ್ಮ. ಹಡಗಿಗೆ ಕೊಡುವ ಏಳು ಅಂಕಿಯ ಸಂಖ್ಯೆ ಅದು. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1987ರಲ್ಲಿ ತಂದಿತು, 1996ರಿಂದ ಕಡ್ಡಾಯ. ಪ್ರಯಾಣಿಕರ ಹಡಗು 100 ಗ್ರಾಸ್ ಟನ್ ಮೇಲಿದ್ದರೆ, ಸರಕಿನ ಹಡಗು 300ರ ಮೇಲಿದ್ದರೆ ಬೇಕೇ ಬೇಕು. ಹೆಸರು ಬದಲಾಗಲಿ, ಮಾಲೀಕ ಬದಲಾಗಲಿ, ಬಾವುಟದ ದೇಶ ಬದಲಾಗಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಹಡಗಿನ ಮೈ ಮೇಲೂ ಶಾಶ್ವತವಾಗಿ ಬರೆದಿರುತ್ತಾರೆ, ಹೆಚ್ಚಾಗಿ ಹಿಂಭಾಗದಲ್ಲಿ ನೋಂದಣಿಯಾದ ಊರಿನ ಹೆಸರಿನ ಹತ್ತಿರ ಅಥವಾ ಡೆಕ್ಕಿನ ಮೇಲಿನ ಮನೆಯಂಥ ಭಾಗದ ಗೋಡೆ ಮೇಲೆ.

ಪಡುಗಡಲು ಅವರೇ, ಅದನ್ನೂ ಹುಡುಕಿ.

ಪಡುಗಡಲು
ಸಿಕ್ಕಿತು. ಆದರೆ ಐದನೇ ಅಂಕಿ 3 ಅಥವಾ 8, ಹೇಳಲು ಆಗುತ್ತಿಲ್ಲ. ಅಲ್ಲೇ ತುಕ್ಕು ಇಳಿದಿದೆ.

ಲಂಗರು
ಅದೃಷ್ಟ ಚೆನ್ನಾಗಿದೆ. ಕೊನೆಯ ಅಂಕಿ ಪರೀಕ್ಷೆಯ ಅಂಕಿ. ಮೊದಲ ಆರು ಅಂಕಿಗಳನ್ನು ಸಾಲಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯದು. ಉದಾಹರಣೆಗೆ 9074729. 63, 0, 35, 16, 21, 4. ಕೂಡಿಸಿದರೆ 139. ಕೊನೆಯ ಅಂಕಿ 9, ಸರಿಯಾಯಿತು.

ನಿಮ್ಮ ಗೊಂದಲ ಐದನೇ ಜಾಗದಲ್ಲಿ, ಅದನ್ನು 3ರಿಂದ ಗುಣಿಸಬೇಕು. 3 ಆದರೆ 9, 8 ಆದರೆ 24. ಮೊತ್ತದ ಕೊನೆಯ ಅಂಕಿ ಬೇರೆ ಬೇರೆ ಬರುತ್ತದೆ. ಎರಡನ್ನೂ ಹಾಕಿ ನೋಡಿ, ಯಾವುದು ಹೊಂದುತ್ತದೋ ಅದೇ.

ದಕ್ಕೆ ಮನೆ
ಅದೇ ಗೊಂದಲ ನಾಲ್ಕನೇ ಜಾಗದಲ್ಲಿ ಆಗಿದ್ದರೆ ಈ ಲೆಕ್ಕ ನಡೆಯುತ್ತಿರಲಿಲ್ಲ, ಅಲ್ವಾ? 4ರಿಂದ ಗುಣಿಸಿದರೆ 12 ಮತ್ತು 32. ಎರಡರ ಕೊನೆಗೂ 2.

ಲಂಗರು
ಹೌದು. ಎರಡು, ನಾಲ್ಕು, ಆರನೇ ಜಾಗದಲ್ಲಿ 3 ಮತ್ತು 8 ಬೇರೆ ಮಾಡಲು ಬರುವುದಿಲ್ಲ. ಅದಕ್ಕೇ ಅದೃಷ್ಟ ಅಂದದ್ದು.

ಪಡುಗಡಲು
8!! ಹುಡುಕಿದೆ. ಹಡಗು ಸಿಕ್ಕಿತು. ಹಳೇ ಹೆಸರಿನ ಏಳು ಅಕ್ಷರವೂ ಸರಿ ಹೊಂದಿತು. 2012ರಲ್ಲಿ ಗುಜರಾತಿನ ಅಲಂಗ್‌ನಲ್ಲಿ ಒಡೆದಿದ್ದಾರೆ. ನಾನು ಫೋಟೋ ತೆಗೆದ ಮರುವರ್ಷ.

ಬೈಕಂಪಾಡಿ ಹುಡುಗ
ಕಡೆಯ ಹೆಸರಿನಲ್ಲಿ ಬೇರೆ ಫೋಟೋ ಇದೆಯಾ ಅಂತ ನಾನೂ ಹುಡುಕಿದೆ. ಒಂದೂ ಸಿಗಲಿಲ್ಲ.

ಮಾಡರೇಟರ್ 2
ಇವತ್ತು ರಾತ್ರಿ ಫೋಟೋ ವಾಪಸ್ ಹಾಕುತ್ತೇನೆ. ತಡೆಯನ್ನೂ ದಾಖಲೆಯಿಂದ ಅಳಿಸುತ್ತೇನೆ. ಉಳ್ಳಾಲ ಅಲೆಯವರೇ, ನಿಮ್ಮ ಬೋಟಿನ ಮೂಲ ಫೋಟೋ ಕಳಿಸಿ, ಅದನ್ನೂ ಬದಲಿಸುತ್ತೇನೆ.

ಕಾಪು ದೀಪ
ಇಷ್ಟು ಆದ ಮೇಲೆ ನಾನೂ ಒಪ್ಪುತ್ತೇನೆ. ಚೆಂದದ ಫೋಟೋ ಬೇರೆ, ದಾಖಲೆಯ ಫೋಟೋ ಬೇರೆ. ಒಂದೇ ಅಳತೆಯಲ್ಲಿ ಎರಡನ್ನೂ ತೂಗಿದ್ದು ತಪ್ಪು. ನನ್ನ ಹತ್ತಿರ 2010ಕ್ಕಿಂತ ಮುಂಚಿನ ಅದಿರು ಹಡಗುಗಳ ಫೋಟೋ ರಾಶಿ ಇದೆ. ಆ ವರ್ಷ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಅದಕ್ಕೆ ಮುಂಚೆ ಹೊರಗೆ ಲಂಗರು ಹಾಕಿ ಸಾಲಾಗಿ ಕಾಯುತ್ತಿದ್ದ ಹಡಗುಗಳನ್ನು ಈಗಿನ ಹುಡುಗರು ನೋಡಿಲ್ಲ. ಆಗಿನ ಕ್ಯಾಮೆರಾ ಸಾಧಾರಣದ್ದು, ಫೋಟೋ ಮಸುಕು. ತಿರಸ್ಕಾರ ಆಗುತ್ತದೆ ಅಂತ ಇಲ್ಲಿ ಹಾಕಿಯೇ ಇರಲಿಲ್ಲ.

ಗಾಳಿಮಳೆ
ದಯವಿಟ್ಟು ಹಾಕಿ ಅಣ್ಣ!

ಮಲ್ಪೆ ತೀರ
ಹಡಗಿನ ಮಾತು ಮುಗಿದಿದ್ದರೆ ಬೋಟಿನ ಮಾತು ಎತ್ತುತ್ತೇನೆ. ಐಎಂಒ ಸಂಖ್ಯೆ ಇಲ್ಲದ್ದು ಬೇಡ ಅಂದರೆ ಮಲ್ಪೆಯ ಸುತ್ತು ಬಲೆಯ ಪರ್ಸೀನ್ ಬೋಟು, ಟ್ರಾಲ್ ಬೋಟು ಎಲ್ಲ ಹೊರಗೆ. ಅವಕ್ಕೂ ನಂಬರ್ ಇದೆ. ಐಎನ್‌ಡಿ-ಕೆಎ ಅಂತ ಶುರುವಾಗುವ ನೋಂದಣಿ ಸಂಖ್ಯೆ ಬೋಟಿನ ಮೇಲೇ ದೊಡ್ಡದಾಗಿ ಬರೆದಿರುತ್ತದೆ. ಅದನ್ನು ಯಾಕೆ ಒಪ್ಪುವುದಿಲ್ಲ?

2018ರ ಡಿಸೆಂಬರ್‌ನಲ್ಲಿ ಸುವರ್ಣ ತ್ರಿಭುಜ ಅನ್ನುವ ಮೀನುಗಾರಿಕೆ ಬೋಟು ಮಲ್ಪೆಯಿಂದ ಹೋಗಿ ವಾಪಸ್ ಬರಲಿಲ್ಲ. ಏಳು ಮಂದಿ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಹತ್ತಿರ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿತು. ಆ ತಿಂಗಳುಗಳಲ್ಲಿ ನಾನು ನನ್ನ ಎಲ್ಲ ಹಳೇ ಫೋಟೋ ತಡಕಾಡಿದೆ. ಬಂದರಿನಲ್ಲಿ ಸಾಲಾಗಿ ನಿಂತ ಬೋಟುಗಳಲ್ಲಿ ಆ ಹೆಸರು ಎಲ್ಲಾದರೂ ಇದೆಯಾ ಅಂತ. ನನ್ನ ಹತ್ತಿರ ಇರಲಿಲ್ಲ. ಅವತ್ತಿನಿಂದ ಯಾವ ಬೋಟನ್ನೂ ಬಿಡದೆ ತೆಗೆಯುತ್ತೇನೆ. ಅದನ್ನು ಇಟ್ಟುಕೊಳ್ಳಲು ಒಂದು ಜಾಗ ಕೊಡಿ. ಅಷ್ಟೇ ಕೇಳುವುದು.

ದಕ್ಕೆ ಮನೆ
ಮಂಜಿಗಳನ್ನೂ, ಅಂದರೆ ಮರದ ಸರಕು ಹಡಗುಗಳನ್ನೂ ಸೇರಿಸಿ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟ್, ತರಕಾರಿ ಹೊತ್ತು ಹೋಗುವ ಮಂಜಿಗಳು. ನಮ್ಮ ಮನೆ ಮಹಡಿಯಿಂದ ಕಾಣುತ್ತವೆ. ಅಜ್ಜ ಅಲ್ಲೇ ಮೂಟೆ ಹೊರುತ್ತಿದ್ದರು.

ಹೆಜಮಾಡಿ ಕೋಡಿ
ಬೋಟುಗಳ ಫೋಟೋ ತೆಗೆಯಲು ಯಾವಾಗ ಹೋಗಬೇಕು?

ಮಲ್ಪೆ ತೀರ
ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ರಜೆ. ದೊಡ್ಡ ಬೋಟುಗಳೆಲ್ಲ ದಡದಲ್ಲೇ. ಕೆಲವು ನೀರಿನಿಂದ ಮೇಲೆ ಎಳೆದು ಬಣ್ಣ ಬಳಿಯುತ್ತಿರುತ್ತಾರೆ, ಅಡಿಭಾಗವೂ ಕಾಣುತ್ತದೆ. ಆದರೆ ಜನರ ಕೆಲಸಕ್ಕೆ ಅಡ್ಡ ಬರಬೇಡಿ. ಕೇಳಿ ತೆಗೆದರೆ ಚಾ ಕೊಡುತ್ತಾರೆ.

ಮಾಡರೇಟರ್ 2
ನೋಂದಣಿ ಸಂಖ್ಯೆಯ ಸಲಹೆ ನನಗೆ ಇಷ್ಟವಾಯಿತು. ಉಳಿದ ಇಬ್ಬರ ಹತ್ತಿರ ಮಾತಾಡುತ್ತೇನೆ.

ಉಳ್ಳಾಲ ಅಲೆ
ಒಂದು ವಿಷಯದಲ್ಲಿ ನಾನು ಮಾಡರೇಟರ್‌ಗಳ ಪರ. 2025ರ ಜೂನ್‌ನಲ್ಲಿ ವಾನ್ ಹೈ 503 ಹಡಗಿಗೆ ಕೇರಳದ ಆಚೆ ಕಡಲಲ್ಲಿ ಬೆಂಕಿ ಬಿದ್ದಾಗ, ಬದುಕಿದ 18 ಜನರನ್ನು ನೌಕಾಪಡೆಯವರು ಪಣಂಬೂರಿಗೆ ಕರೆತಂದರು. ನಾಲ್ಕು ಜನ ನಾಪತ್ತೆ. ಸುಟ್ಟ ಗಾಯದವರನ್ನು ಸಾಗಿಸುವ ಫೋಟೋ ಒಬ್ಬರು ಇಲ್ಲಿ ಹಾಕಿದ್ದರು, ಮುಖ ಕಾಣುವ ಹಾಗೆ. ಹತ್ತು ನಿಮಿಷದಲ್ಲಿ ತೆಗೆದರು. ಅದಕ್ಕೂ ಜಗಳ ಆಯಿತು, 'ಪತ್ರಿಕೆಯವರು ಹಾಕುತ್ತಾರೆ, ನಾವು ಯಾಕೆ ಹಾಕಬಾರದು' ಅಂತ. ಆ ಮನುಷ್ಯನ ಹೆಂಡತಿ ಎಲ್ಲೋ ಕೂತು ಫೋನ್ ನೋಡುತ್ತಿರಬಹುದು ಅಂತ ಯೋಚನೆ ಬರಬೇಡವಾ?

2022ರಲ್ಲಿ ನಮ್ಮ ಉಳ್ಳಾಲದ ಬಟಪಾಡಿ ಹತ್ತಿರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗಲೂ ನಾನು ಅಲ್ಲೇ ಇದ್ದೆ. ಸಿರಿಯಾದ 15 ಮಂದಿಯನ್ನೂ ಕೋಸ್ಟ್ ಗಾರ್ಡ್ ಉಳಿಸಿತು. ನಾನು ಹಡಗು ಮಾತ್ರ ತೆಗೆದೆ.

ಬೈಕಂಪಾಡಿ ಹುಡುಗ
ಇದರಲ್ಲಿ ಎರಡು ಮಾತಿಲ್ಲ. ಗಾಯಾಳು, ಹೆಣ, ಅಳುವವರ ಮುಖ ಬೇಡವೇ ಬೇಡ. ಆದರೆ ಹಡಗಿನ ಫೋಟೋ ಇರಲಿ. 2021ರಲ್ಲಿ ತೌಕ್ತೆ ಚಂಡಮಾರುತಕ್ಕೆ ಕೋರಮಂಡಲ್ ಸಪೋರ್ಟರ್ 9 ಅನ್ನುವ ಟಗ್ (ದೊಡ್ಡ ಹಡಗು ಎಳೆಯುವ ಚಿಕ್ಕ ಹಡಗು) ಬಂಡೆಗಳ ಮಧ್ಯೆ ಸಿಕ್ಕಿ ಒಂಬತ್ತು ಜನ ಒದ್ದಾಡಿದಾಗ, ದಡದಿಂದ ತೆಗೆದ ಫೋಟೋಗಳನ್ನು ಆಮೇಲೆ ಎಷ್ಟು ಜನ ನೋಡಿ ಕಲಿತರು. ಒಂಬತ್ತೂ ಜನ ಬದುಕಿದರು.

ಕಾಪು ದೀಪ
ಕೋಸ್ಟ್ ಗಾರ್ಡ್, ನೌಕಾಪಡೆ ಹಡಗಿನ ಫೋಟೋ ಬಗ್ಗೆಯೂ ಒಂದು ತೀರ್ಮಾನ ಬೇಕು. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್‌ನ ಜಿಲ್ಲಾ ಕೇಂದ್ರವೇ ಇದೆ. ಅವರ ಹಡಗು ದಿನಾ ಕಾಣುತ್ತದೆ. ಒಬ್ಬ ಮಾಡರೇಟರ್ ಬಿಡುತ್ತಾರೆ, ಇನ್ನೊಬ್ಬರು ತೆಗೆಯುತ್ತಾರೆ. ನಮಗೆ ಗೊತ್ತಾಗುವುದು ಹೇಗೆ?

ಬೈಕಂಪಾಡಿ ಹುಡುಗ
ಬೀಚಿನಿಂದ ಯಾರು ಬೇಕಾದರೂ ನೋಡಬಹುದು. ಸರಕಿನ ಹಡಗಾದರೆ, ಹಡಗು ಇರುವ ಜಾಗವನ್ನು ತಾನಾಗಿ ತಿಳಿಸುವ ಎಐಎಸ್ ವ್ಯವಸ್ಥೆಯಲ್ಲಿ ಎಲ್ಲಿದೆ ಅಂತ ಇಡೀ ಲೋಕಕ್ಕೆ ಕಾಣುತ್ತದೆ. ಮುಚ್ಚಿಡುವುದು ಏನಿದೆ?

ಲಂಗರು
ಸರಕಿನ ಹಡಗಿನ ಮಾತು ಬೇರೆ ತಮ್ಮಾ. ಯುದ್ಧನೌಕೆಗಳಿಗೆ ಎಐಎಸ್ ಹಾಕಲೇಬೇಕು ಅಂತಿಲ್ಲ, ಬೇಕೆಂದಾಗ ಆಫ್ ಮಾಡುತ್ತಾರೆ. ಎಲ್ಲಿದ್ದೇವೆ ಅಂತ ಗೊತ್ತಾಗಬಾರದು ಅಂತಲೇ ಅಲ್ವಾ ಅದು? ನೀನು ಅದೇ ಕ್ಷಣ ಫೋಟೋ ಹಾಕಿದರೆ ಅವರ ಉದ್ದೇಶ ಕೆಟ್ಟಿತು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ, ನಿಷೇಧಿತ ಸ್ಥಳದ ವ್ಯಾಖ್ಯೆ ಅದರಲ್ಲಿ ಬಹಳ ದೊಡ್ಡದು. ಬಂದರಿನ ಒಳಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕಾವಲು. ಪಾಸ್ ಇದ್ದರೂ ಫೋಟೋಗೆ ಬೇರೆ ಅನುಮತಿ ಬೇಕು. ಒಳಗೆ ಕೆಲಸ ಮಾಡುವ ಹುಡುಗರು ಫೋನಿನಲ್ಲಿ ತೆಗೆದು ಇಲ್ಲಿ ಹಾಕಿ ಕೆಲಸ ಕಳೆದುಕೊಳ್ಳಬಾರದು. ಅಂಥ ಫೋಟೋ ಕಂಡರೆ ಕೂಡಲೇ ತೆಗೆಯುವುದು ಆ ಹುಡುಗನಿಗೇ ಒಳ್ಳೆಯದು.

ಬೈಕಂಪಾಡಿ ಹುಡುಗ
ಒಪ್ಪಿದೆ ಸರ್. ಹಾಗಿದ್ದರೆ ಅದನ್ನೇ ನಿಯಮದಲ್ಲಿ ಬರೆಯಲಿ.

ಗಾಳಿಮಳೆ
ನನ್ನದೂ ಒಂದು ದೂರು. ನನ್ನ ಎಲ್‌ಪಿಜಿ ಹಡಗಿನ ಫೋಟೋದಲ್ಲಿ ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ ಬೇರೊಬ್ಬರು ಇಲ್ಲೇ, ಇದೇ ಬಳಗದಲ್ಲಿ, ತಮ್ಮದೆಂದು ಹಾಕಿದರು. ಹಡಗಿನ ಕಂಬದಲ್ಲಿ ಅಪಾಯಕಾರಿ ಸರಕಿನ ಕೆಂಪು ಬಾವುಟ ಹಾರುತ್ತಿತ್ತು, ಅದರ ತುದಿಯ ಮೇಲೆ ಸರಿಯಾಗಿ ಒಂದು ಹದ್ದು. ಅಂಥ ಫೋಟೋ ಇಬ್ಬರಿಗೆ ಸಿಗಲು ಸಾಧ್ಯವೇ ಇಲ್ಲ. ಮೂಲ ಫೈಲ್ ಸಮೇತ ದೂರು ಕೊಟ್ಟೆ. ಎರಡು ತಿಂಗಳಾಯಿತು. ಅವರು ಹಳೇ ಸದಸ್ಯರು, ಅದಕ್ಕೇ ಯಾರೂ ಮಾತಾಡುವುದಿಲ್ಲ. ಪಡುಗಡಲು ಅವರ ಫೋಟೋ ಒಂದು ರಾತ್ರಿಯಲ್ಲಿ ಹೋಯಿತು, ಕದ್ದದ್ದು ಎರಡು ತಿಂಗಳಾದರೂ ಇದೆ. ನನಗೆ ನೋವಾಗಿದ್ದು ಇದಕ್ಕೆ.

ದಕ್ಕೆ ಮನೆ
ಇದು ಉಳಿದ ಎಲ್ಲಕ್ಕಿಂತ ದೊಡ್ಡ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಅವರು ಬದುಕಿರುವ ತನಕ, ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ಅಂಚು ಮಸುಕಾಗಿದೆ ಅಂತ ತೆಗೆಯುವವರು ಕಳ್ಳತನವನ್ನು ಮೊದಲು ತೆಗೆಯಬೇಕಲ್ವಾ?

ಮಾಡರೇಟರ್ 2
ಅಕ್ಕ, ಆ ದೂರು ನಾನು ನೋಡಿಯೇ ಇರಲಿಲ್ಲ. ಈಗ ಹುಡುಕಿ ಓದಿದೆ. ನಿಮ್ಮ ಮೂಲ ಫೈಲ್ ನೋಡಿದ ಮೇಲೆ ಅನುಮಾನವೇ ಇಲ್ಲ. ಅವರ ಹೆಸರಿನ ಫೋಟೋ ತೆಗೆದಿದ್ದೇನೆ. ಹಳೇ ಸದಸ್ಯರು ಅನ್ನುವುದು ಕಾರಣ ಆಗಬಾರದು. ತಡವಾದದ್ದಕ್ಕೆ ಕ್ಷಮಿಸಿ.

ಗಾಳಿಮಳೆ
ಧನ್ಯವಾದ. ಇನ್ನು ಮುಂದೆ ದೂರು ಕೊಟ್ಟರೆ 'ಸಿಕ್ಕಿದೆ' ಅಂತ ಒಂದು ಮಾತಾದರೂ ಬರಲಿ.

ಹೆಜಮಾಡಿ ಕೋಡಿ
ವಿಷಯ ಬೇರೆ, ಆದರೂ ಕೇಳುತ್ತೇನೆ. ನನ್ನ ಲೆನ್ಸಿನೊಳಗೆ ಜೇಡರ ಬಲೆ ಥರ ಏನೋ ಬಂದಿದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಹೋಗುತ್ತದಂತೆ ಹೌದಾ?

ಮಲ್ಪೆ ತೀರ
ಅದು ಫಂಗಸ್. ಅಕ್ಕಿ ಬೇಡವೇ ಬೇಡ, ಅದರ ಹುಡಿ ಒಳಗೆ ಹೋಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಬಂದ ಫಂಗಸ್ ತೆಗೆಯಲು ರಿಪೇರಿಯವರ ಹತ್ತಿರವೇ ಹೋಗಬೇಕು. ಸಮುದ್ರದಿಂದ ಬಂದ ಕೂಡಲೇ ಉಪ್ಪು ಒರೆಸಿ ಇಡುವುದು ಮರೆಯಬೇಡಿ.

ಕಾಪು ದೀಪ
ವಾಪಸ್ ವಿಷಯಕ್ಕೆ. ಅಳಿಸಿದವರೇ ತೀರ್ಪು ಕೊಡುವುದು ಬೇಡ. ಒಬ್ಬರು ತೆಗೆದರೆ, ಫೋಟೋದವರು ಪ್ರಶ್ನೆ ಕೇಳಿದರೆ, ಇನ್ನೊಬ್ಬ ಮಾಡರೇಟರ್ ನೋಡಲಿ. ಮೂರು ಜನ ಇದ್ದಾರಲ್ಲ, ಸಾಕು.

ಲಂಗರು
ಮೂರು ಜನ ಸಾಲದು. ಸಂಖ್ಯೆ ಪರೀಕ್ಷೆ ಮಾಡುವ ಕೆಲಸ ನನಗೆ ಕೊಡಿ. ಮನೆಯಲ್ಲಿ ಸುಮ್ನೆ ಕೂತಿರುತ್ತೇನೆ. ಫೋಟೋ ಅಳಿಸುವ ಅಧಿಕಾರ ಬೇಡ, ಹಡಗು ಯಾವುದು ಅಂತ ಗುರುತಿಸಿ ಕೊಡುತ್ತೇನೆ. ಎಷ್ಟೋ ಜನ ಸಂಖ್ಯೆ ಹಾಕದೆ ಇರುವುದು ಸೋಮಾರಿತನಕ್ಕಲ್ಲ, ಗೊತ್ತಿಲ್ಲದೆ.

ಮಲ್ಪೆ ತೀರ
ಬೋಟುಗಳದ್ದು ನಾನು ನೋಡಿಕೊಳ್ಳುತ್ತೇನೆ.

ಮಾಡರೇಟರ್ 2
ಇಬ್ಬರಿಗೂ ಈಗಲೇ ಸಂದೇಶ ಕಳಿಸುತ್ತೇನೆ. ನಾವು ಮೂವರು ಮಾಡರೇಟರ್‌ಗಳೂ ಫೋನಿನಲ್ಲಿ ಮಾತಾಡಿದೆವು. ಇವತ್ತಿನಿಂದ ಕಾರಣ ಬರೆಯದೆ ಏನನ್ನೂ ತೆಗೆಯುವುದಿಲ್ಲ. ಹಳೇ ಹಡಗು, ಒಡೆದು ಹೋದ ಹಡಗು, ಮಂಜಿ, ಬೋಟು, ಇವಕ್ಕೆ ಬೆಳಕು, ಮಸುಕು ಅಡ್ಡ ಬರುವುದಿಲ್ಲ. ಪ್ರಶ್ನೆ ಬಂದರೆ ಬೇರೆಯವರು ನೋಡುತ್ತಾರೆ. ನೌಕಾಪಡೆ, ಕೋಸ್ಟ್ ಗಾರ್ಡ್ ಹಡಗಿನ ವಿಷಯ ನಮ್ಮಲ್ಲೇ ಇನ್ನೂ ಒಮ್ಮತ ಆಗಿಲ್ಲ. ಆಗುವ ತನಕ ಅವು ಬೇಡ.

ಪಡುಗಡಲು ಅವರ ಫೋಟೋ ವಾಪಸ್ ಹಾಕಿದೆ, ಎರಡೂ ಹೆಸರು ಮತ್ತು ಸಂಖ್ಯೆ ಸಮೇತ.

ಬೈಕಂಪಾಡಿ ಹುಡುಗ
ಕೋಸ್ಟ್ ಗಾರ್ಡ್ ಪೂರ್ತಿ ಬೇಡ ಅನ್ನುವುದು ಜಾಸ್ತಿ ಆಯಿತು. ಕೋಸ್ಟ್ ಗಾರ್ಡ್ ದಿನಾಚರಣೆಗೆ ತೆಗೆದದ್ದನ್ನೂ ಹಾಕಬಾರದಾ? ಇದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ದಕ್ಕೆ ಮನೆ
ಫೋಟೋ ನೋಡಿದೆ. ತುಂಬ ಚೆನ್ನಾಗಿದೆ. ಆ ಹಳೇ ಹೆಸರು ಎಷ್ಟು ಸ್ಪಷ್ಟ! ಆದರೆ ಕೆಳಗೆ 'ಬಂದರಿನಿಂದ ಹೊರಟ ಹಡಗು' ಅಂತ ಬರೆದಿದ್ದೀರಿ. ಅದು ತಪ್ಪು ಅನ್ನಿಸುತ್ತದೆ. ಪಣಂಬೂರಿನಲ್ಲಿ ನಿಂತು ತೆಂಕಕ್ಕೆ ನೋಡಿದರೆ ಎಡಗಡೆ ಬಂದರು, ಬಲಗಡೆ ಕಡಲು. ಹಡಗಿನ ಮೂತಿ ಎಡಕ್ಕಿದೆ. ಅಂದರೆ ಒಳಗೆ ಬರುತ್ತಿದೆ.

ಲಂಗರು
ಸರಿ. ನೀರಿನಲ್ಲಿ ಎಷ್ಟು ಕೆಳಗೆ ಕೂತಿದೆ ನೋಡಿ. ಮುಂಭಾಗದ ತಳದಲ್ಲಿ ಮುಂದಕ್ಕೆ ಉಬ್ಬಿರುವ ಗುಂಡು ಪೂರ್ತಿ ನೀರಿನೊಳಗಿದೆ. ಹೊಟ್ಟೆ ತುಂಬ ಸರಕು. ಖಾಲಿ ಹೊರಟ ಹಡಗಾದರೆ ಆ ಗುಂಡು ಮೇಲೆ ಕಾಣುತ್ತಿತ್ತು.

ಪಡುಗಡಲು
ಹೌದು, ಹೌದು. ಈಗ ನೆನಪಾಯಿತು. ಟಗ್‌ಗಳು ಎದುರಿಗೆ ಹೋಗಿದ್ದವು. 'ಒಳಬರುತ್ತಿರುವ ಹಡಗು' ಅಂತ ತಿದ್ದಿದೆ. ಒಮ್ಮೆ ನೋಡಿ, ಈಗ ಸರಿಯಾಯಿತಾ?

ದಕ್ಕೆ ಮನೆ
ಸರಿಯಾಯಿತು.